ಅಗ್ಗದ ಫಿಶ್‌ಐ ಲೆನ್ಸ್: ಕೊಳ್ಳುವ ಮುಂಚೆ ಸೆನ್ಸರ್ ನೋಡಿ, ಕೊಂಡ ಮೇಲೆ ಇನ್ಫಿನಿಟಿ ಪರೀಕ್ಷಿಸಿ

ಅಗ್ಗದ ಫಿಶ್‌ಐ ಲೆನ್ಸ್ (ಸುಮಾರು 180 ಡಿಗ್ರಿಯ ನೋಟವನ್ನು ಬಾಗಿಸಿ ಹಿಡಿಯುವ ಲೆನ್ಸ್) ಕೊಂಡವರು ವಾರದೊಳಗೆ ಹೇಳುವ ದೂರು ಒಂದೇ: ಚಿತ್ರ ಶಾರ್ಪ್ ಬರ್ತಿಲ್ಲ. ಬೈಗುಳವೆಲ್ಲ ಲೆನ್ಸಿಗೆ. ಆದರೆ ಬಹುಪಾಲು ಸಲ ಆಗಿರುವುದಿಷ್ಟೇ: ಫೋಕಸ್ ರಿಂಗನ್ನು ಕೊನೆ ಮುಟ್ಟುವವರೆಗೆ ತಿರುಗಿಸಿ, ಅಲ್ಲಿ ಕೆತ್ತಿರುವ ಇನ್ಫಿನಿಟಿ (∞, ಅಂದರೆ ಬಹುದೂರದ ಫೋಕಸ್) ಗುರುತನ್ನು ನಂಬಿ ಕ್ಲಿಕ್ಕಿಸಿದ್ದಾರೆ. ಈ ದರ್ಜೆಯ ಲೆನ್ಸುಗಳಲ್ಲಿ ಆ ಗುರುತು ಸರಿಯಿದ್ದರೆ ಅದೃಷ್ಟ.

ಹಾಗೆಂದು ಈ ಲೆನ್ಸುಗಳ ಮ್ಯಾನ್ಯುವಲ್ ಫೋಕಸ್‌ಗೆ, ಅಂದರೆ ಕೈಯಾರೆ ರಿಂಗ್ ತಿರುಗಿಸಿ ಹೊಂದಿಸುವುದಕ್ಕೆ, ಹೆದರಬೇಕಿಲ್ಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ (ಮಧ್ಯಮ ಗಾತ್ರದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ ಇರುವಂಥದ್ದು) 7.5 ಮಿ.ಮೀ. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಎಫ್/8ಕ್ಕೆ ಇಟ್ಟು (ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) 35 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು 18 ಸೆಂ.ಮೀ.ನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಆಟೋ ಫೋಕಸ್‌ಗೆ ಇಲ್ಲಿ ಕೆಲಸವೇ ಇಲ್ಲ. ಅದಕ್ಕಾಗಿ ಮೂರು ಪಟ್ಟು ದುಡ್ಡು ಕೊಡುವುದು ದಂಡ.

ಮೊದಲು ಸೆನ್ಸರ್

ಫಿಶ್‌ಐಗಳಲ್ಲಿ ಎರಡು ಬಗೆ. ಸರ್ಕ್ಯುಲರ್ ಎಂಬುದು ಕಪ್ಪು ಚೌಕಟ್ಟಿನ ನಡುವೆ ದುಂಡನೆಯ ಚಿತ್ರ ಕೊಡುತ್ತದೆ. ಡಯಾಗನಲ್ ಎಂಬುದು ಫ್ರೇಮನ್ನು ಪೂರ್ತಿ ತುಂಬಿಸಿ, ಮೂಲೆಯಿಂದ ಮೂಲೆಗೆ 180 ಡಿಗ್ರಿಯಷ್ಟನ್ನು ಹಿಡಿಯುತ್ತದೆ. ಮೊದಲ ಲೆನ್ಸ್ ಡಯಾಗನಲ್ಲೇ ಇರಲಿ. ದುಂಡನೆಯ ಚಿತ್ರ ಮೂರು ದಿನ ಮಜಾ, ನಾಲ್ಕನೇ ದಿನ ಬೇಸರ. ಮೇಲಾಗಿ ಸೆನ್ಸರಿನ ಅರ್ಧಕ್ಕರ್ಧ ಬರೀ ಕಪ್ಪನ್ನು ದಾಖಲಿಸುತ್ತಾ ಕೂತಿರುತ್ತದೆ.

ಸೆನ್ಸರಿನ ಗಾತ್ರಕ್ಕೆ ತಕ್ಕ ಫೋಕಲ್ ಲೆಂಗ್ತ್ ಹೀಗೆ: ಎಪಿಎಸ್-ಸಿಗೆ 7.5ರಿಂದ 10 ಮಿ.ಮೀ., ಅದಕ್ಕಿಂತ ದೊಡ್ಡದಾದ ಫುಲ್‌ಫ್ರೇಮ್‌ಗೆ 10ರಿಂದ 16 ಮಿ.ಮೀ., ಎಲ್ಲಕ್ಕಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್‌ಗೆ 7.5 ಮಿ.ಮೀ. ಇದು ಸ್ಥೂಲ ಲೆಕ್ಕ. ಮಿ.ಮೀ. ಅಂಕಿಯೊಂದನ್ನೇ ನಂಬಬೇಡಿ, ಫಿಶ್‌ಐಗಳಲ್ಲಿ ಗಾಜು ಚಿತ್ರವನ್ನು ಬಗ್ಗಿಸುವ ರೀತಿಯೇ ಒಂದರಿಂದ ಒಂದಕ್ಕೆ ಬೇರೆ. ಸಾಮ್ಯಾಂಗ್ 12 ಮಿ.ಮೀ.ಯೂ ಹಳೇ ಜೆನಿಟಾರ್ 16 ಮಿ.ಮೀ.ಯೂ ಫುಲ್‌ಫ್ರೇಮ್‌ನಲ್ಲಿ 180 ಡಿಗ್ರಿಯ ಲೆನ್ಸುಗಳೇ. ಆದ್ದರಿಂದ ವಿವರಪಟ್ಟಿಯಲ್ಲಿ ನಿಮ್ಮ ಸೆನ್ಸರಿಗೆ ಕರ್ಣದ ಕೋನ ಎಷ್ಟು ಎಂದು ನೋಡಿ. ಅದೇ ಜೆನಿಟಾರನ್ನು ಎಪಿಎಸ್-ಸಿಗೆ ಹಾಕಿದರೆ ಅಂಚುಗಳು ಕತ್ತರಿಸಿಹೋಗಿ, ಬಾಗು ಅರೆಬರೆಯಾಗಿ, ಫಿಶ್‌ಐಯೂ ಅಲ್ಲದ ವೈಡೂ ಅಲ್ಲದ ಚಿತ್ರ ಬರುತ್ತದೆ.

ಎಪಿಎಸ್-ಸಿ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಇರುವವರಿಗೆ ಟಿಟಿಆರ್ಟಿಸಾನ್ 7.5 ಮಿ.ಮೀ. ಎಫ್/2, ಸೆವೆನ್‌ಆರ್ಟಿಸಾನ್ಸ್ 7.5 ಮಿ.ಮೀ. ಎಫ್/2.8, ಸಾಮ್ಯಾಂಗ್ 8 ಮಿ.ಮೀ. ಈ ಮೂರರಲ್ಲಿ ಒಂದು ಸಾಕು. ಜನರ ಚಿತ್ರ ಹೆಚ್ಚು ತೆಗೆಯುವವರು ಸಾಮ್ಯಾಂಗ್ ನೋಡಿ. ಅದರದು ಸ್ಟೀರಿಯೋಗ್ರಾಫಿಕ್ ವಿನ್ಯಾಸ. ಅಂಚಿಗೆ ಬಂದ ಮುಖ ಅಷ್ಟಾಗಿ ಅಮುಕಿಹೋಗುವುದಿಲ್ಲ. ಎಫ್/2 ಎಂಬ ಅಂಕಿಗೆ ಮರುಳಾಗಬೇಡಿ. ರಾತ್ರಿ ಆಕಾಶ ತೆಗೆಯುವವರಿಗೆ ಅದು ಬೇಕು. ಉಳಿದವರು ಹೇಗೂ ಎಫ್/5.6ರಿಂದ ಎಫ್/8ರಲ್ಲೇ ಬದುಕುತ್ತಾರೆ.

ಸೆಕೆಂಡ್ ಹ್ಯಾಂಡ್ ಎಂ42 (ತಿರುಗಿಸಿ ಕೂರಿಸುವ ಹಳೇ ಜೋಡಣೆ) ತಿರುಪಿನ ಪೆಲೆಂಗ್, ಜೆನಿಟಾರ್ ಲೆನ್ಸ್ ಸಿಕ್ಕಿ, ನಿಮ್ಮದು ನಿಕಾನ್ ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಕ್ಯಾಮೆರಾ) ಆಗಿದ್ದರೆ ಕೈಬಿಡಿ. ಎಂ42 ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು, ನಿಕಾನ್ ಮೌಂಟೇ (ಲೆನ್ಸ್ ಕೂರುವ ಬಳೆ) 46.5 ಮಿ.ಮೀ. ದೂರದಲ್ಲಿದೆ. ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ್ದು ಫೋಕಸ್ ಆಗುವುದೇ ಇಲ್ಲ. ಗಾಜಿರುವುದನ್ನು ಹಾಕಿದರೆ ಚಿತ್ರ ಕೆಡುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ಎಲ್ಲ ಮಿರರ್‌ಲೆಸ್‌ಗಳಿಗೂ ಈ ತಾಪತ್ರಯವಿಲ್ಲ. ಹಳೇ ಲೆನ್ಸಾದರೆ ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಾಯಿಸಿ ನೋಡಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ.

ಇನ್ನೊಂದು ಮಾತು. ಕ್ಯಾಮೆರಾ ಜೊತೆಗೆ ಬರುವ ಕಿಟ್ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ 0.35 ಎಕ್ಸ್ ‘ಫಿಶ್‌ಐ ಕನ್ವರ್ಟರ್’, ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಇವೆರಡಕ್ಕೂ ಕೈ ಹಾಕಬೇಡಿ. ನಡುವೆ ಒಂದಿಷ್ಟು ಸ್ಪಷ್ಟತೆ ಬಿಟ್ಟರೆ ಸುತ್ತೆಲ್ಲ ಕಲಸುಮೇಲೋಗರ, ನೇರಳೆ ಅಂಚು.

ಕ್ಯಾಮೆರಾಗೆ ಹಾಕಿದ ಮೇಲೆ

ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವಿಲ್ಲದ್ದರಿಂದ ಕ್ಯಾಮೆರಾ ‘ಲೆನ್ಸೇ ಇಲ್ಲ’ ಎಂದು ಮುಷ್ಕರ ಹೂಡುತ್ತದೆ. ಮೆನುವಿನಲ್ಲಿ ‘ರಿಲೀಸ್ ವಿದೌಟ್ ಲೆನ್ಸ್’ ಆನ್ ಮಾಡಿ. ಫ್ಯೂಜಿಯಲ್ಲಿ ಅದರ ಹೆಸರು ‘ಶೂಟ್ ವಿದೌಟ್ ಲೆನ್ಸ್’. ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂಗ್ತನ್ನು ಕೈಯಾರೆ ನಮೂದಿಸಿ.

ಇನ್ಫಿನಿಟಿ ಪರೀಕ್ಷೆ: ಇಲ್ಲಿ ಅವಸರ ಬೇಡ

ಇದನ್ನು ವಾಪಸಾತಿಯ ಅವಧಿ ಮುಗಿಯುವುದರೊಳಗೆ ಮಾಡಿ. ಟೆರೇಸಿಗೆ ಹೋಗಿ. ಐವತ್ತು ಮೀಟರಿಗಿಂತ ಆಚೆ ಇರುವ, ಚೂಪಾದ ಅಂಚಿನ ಗುರಿ ಬೇಕು: ಮೊಬೈಲ್ ಟವರ್, ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನ ಬಾಲ್ಕನಿ ಕಂಬಿ. ಮಧ್ಯಾಹ್ನದ ಬಿಸಿಲಲ್ಲಿ ಕಾದ ತಾರಸಿಯ ಗಾಳಿ ನಡುಗುತ್ತದೆ, ಬೆಳಗ್ಗೆಯೇ ಒಳ್ಳೆಯದು. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, 2 ಸೆಕೆಂಡ್ ಟೈಮರ್ ಇಡಿ.

ಅಪರ್ಚರನ್ನು ಪೂರ್ತಿ ತೆರೆಯಿರಿ. ಎಫ್/8ರಲ್ಲಿ ಪರೀಕ್ಷಿಸುವುದೇ ಎಲ್ಲರೂ ಮಾಡುವ ತಪ್ಪು; ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ದೋಷ ಅಡಗಿಕೊಳ್ಳುತ್ತದೆ. ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚುಗಳಿಗೆ ಪರದೆಯಲ್ಲಿ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ) ಆಫ್ ಮಾಡಿ. ಫಿಶ್‌ಐಯಲ್ಲಿ ವಿವರಗಳೆಲ್ಲ ಸಣ್ಣವಾದ್ದರಿಂದ ಅದು ಇಡೀ ಪರದೆಗೆ ಬಣ್ಣ ಬಳಿದು ‘ಎಲ್ಲ ಸರಿ’ ಎನ್ನುತ್ತದೆ. ಗುರಿಯನ್ನು ಫ್ರೇಮಿನ ನಟ್ಟನಡುವೆ ಇಟ್ಟು, ಲೈವ್ ವ್ಯೂ (ಪರದೆಯ ಮೇಲಿನ ನೇರ ನೋಟ) ಅನ್ನು ಗರಿಷ್ಠ ಮಟ್ಟಕ್ಕೆ ಹಿಗ್ಗಿಸಿ. ರಿಂಗನ್ನು ನಿಧಾನವಾಗಿ ತಿರುಗಿಸಿ, ಸ್ಪಷ್ಟತೆ ಬಂದು ಮತ್ತೆ ಕೆಡುವವರೆಗೂ ಹೋಗಿ, ಹಿಂದೆ ಬನ್ನಿ. 7.5 ಮಿ.ಮೀ.ಯಲ್ಲಿ ಒಂದು ಮೀಟರಿಗೂ ಇನ್ಫಿನಿಟಿಗೂ ನಡುವಿನ ತಿರುವು ಕೆಲವೇ ಡಿಗ್ರಿ, ಕೂದಲೆಳೆಯಷ್ಟು ಜರುಗಿದರೂ ವ್ಯತ್ಯಾಸ ಕಾಣುತ್ತದೆ. ಮೂರು ನಾಲ್ಕು ಸಲ ಹೀಗೆ ಮಾಡಿ, ಪ್ರತಿ ಸಲ ಒಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ 100 ಶೇಕಡಾ ಗಾತ್ರದಲ್ಲಿ ಹೋಲಿಸಿ.

ಅತಿ ಸ್ಪಷ್ಟ ಚಿತ್ರ ಬಂದ ಜಾಗ ಇನ್ಫಿನಿಟಿ ಗುರುತಿನ ಆಚೆ ಈಚೆ ಇದ್ದರೆ ಗಾಬರಿ ಬೇಡ. ರಿಂಗಿನ ಆ ಸ್ಥಾನಕ್ಕೆ ಬಿಳಿ ನೇಲ್ ಪಾಲಿಶಿನ ಚುಕ್ಕೆ ಇಡಿ. ಇನ್ನು ಮೇಲೆ ಅದೇ ನಿಮ್ಮ ಇನ್ಫಿನಿಟಿ. ಸ್ಕ್ರೂ ಬಿಚ್ಚಿ ಮಾಪಕವನ್ನು ಸರಿಮಾಡುವ ವಿಡಿಯೋಗಳನ್ನು ನೋಡಿ ಸಾಹಸಕ್ಕೆ ಇಳಿಯಬೇಡಿ, ವಾಪಸಾತಿಯೂ ಹೋಗುತ್ತದೆ. ಆದರೆ ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ಸ್ಪಷ್ಟತೆಯ ತುದಿ ಮುಟ್ಟದೇ ಇನ್ನೂ ಬೇಕು ಎನ್ನುವಂತಿದ್ದರೆ ಅಂಥ ಲೆನ್ಸನ್ನು ಇಟ್ಟುಕೊಳ್ಳಬಾರದು.

ಮುಂದೆ ಓರೆತನ. ಎಫ್/5.6ಕ್ಕೆ ಬನ್ನಿ. ಅದೇ ಟವರನ್ನು ಫ್ರೇಮಿನ ಎಡ, ಬಲ, ಮೇಲು, ಕೆಳ ಅಂಚುಗಳಿಗೆ ಒಂದೊಂದಾಗಿ ತಂದು ನಾಲ್ಕು ಚಿತ್ರ ತೆಗೆಯಿರಿ. ನಾಲ್ಕೂ ಕಡೆ ಒಂದೇ ಬಗೆಯ ಮೃದುತ್ವ ಇದ್ದರೆ ಅದು ಈ ಬೆಲೆಯ ಸಹಜ ಗುಣ. ಒಂದೇ ಕಡೆ ಮಾತ್ರ ಮಸುಕಾದರೆ ಒಳಗಿನ ಗಾಜು ಓರೆಯಾಗಿ ಕೂತಿದೆ, ವಾಪಸ್ ಕಳಿಸಿ. ಗೋಡೆಗೆ ಪತ್ರಿಕೆ ಅಂಟಿಸಿ ಪರೀಕ್ಷಿಸುವ ಹಳೇ ಪದ್ಧತಿ ಇಲ್ಲಿ ನಡೆಯದು. ಲೆನ್ಸಿನ ಎದುರಿಗೆ ಗೋಡೆ ಅರ್ಧ ಮೀಟರಿನಲ್ಲಿದ್ದರೂ ಅಂಚಿನ ಗೋಡೆ ಅದರ ಹಲವು ಪಟ್ಟು ದೂರದಲ್ಲಿರುತ್ತದೆ.

ಚುಕ್ಕೆ ಇಟ್ಟ ಮೇಲೆ 35 ಸೆಂ.ಮೀ.ಗೆ ಇನ್ನೊಂದು ಚುಕ್ಕೆ ಬೇಕು. ಟೇಪಿನಿಂದ ಅಳೆದು, ಆ ದೂರದಲ್ಲಿ ಬಿಸ್ಕತ್ ಪೊಟ್ಟಣ ನಿಲ್ಲಿಸಿ, ಅದರ ಅಕ್ಷರಕ್ಕೆ ಫೋಕಸ್ ಮಾಡಿ ಗುರುತಿಡಿ. ಅಳತೆ ಸೆನ್ಸರಿನಿಂದ, ಅಂದರೆ ಕ್ಯಾಮೆರಾ ಬಾಡಿಯ ಮೇಲೆ ವೃತ್ತಕ್ಕೆ ಅಡ್ಡಗೆರೆ ಎಳೆದ ಗುರುತಿನಿಂದ. ಗಾಜಿನಿಂದ ಅಳೆದರೆ ಹಲವು ಸೆಂ.ಮೀ. ತಪ್ಪುತ್ತದೆ.

ಬಳಕೆ

ಹಗಲಿಗೆ ಎರಡನೇ ಚುಕ್ಕೆ, ಎಫ್/8, ಅಷ್ಟೇ. ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣದ ಕಮಾನುಗಳು ಮೊದಲೇ ಬಾಗಿರುವುದರಿಂದ ಫಿಶ್‌ಐಗೆ ಹೇಳಿಮಾಡಿಸಿದ ವಸ್ತು. ಕಬ್ಬನ್ ಪಾರ್ಕಿನ ಬಿದಿರು ಮೆಳೆಯಡಿ ಕ್ಯಾಮೆರಾವನ್ನು ಮುಖ ಮೇಲಾಗಿ ನೆಲದಲ್ಲಿಟ್ಟರೆ ಕಾಂಡಗಳೆಲ್ಲ ಒಂದೇ ಬಿಂದುವಿಗೆ ಓಡುತ್ತವೆ. ವಿಧಾನಸೌಧದಂಥ ಉದ್ದನೆಯ ಕಟ್ಟಡ ನೇರವಾಗಿ ನಿಲ್ಲಬೇಕೆಂದರೆ ಅದರ ಮುಖ್ಯ ಅಡ್ಡಗೆರೆ ಫ್ರೇಮಿನ ನಡುವೆ ಹಾದುಹೋಗಬೇಕು. ಕ್ಯಾಮೆರಾ ಮೇಲಕ್ಕೆತ್ತಿದರೆ ದಿಗಂತ ಬಟ್ಟಲಾಗುತ್ತದೆ, ಕೆಳಗಿಳಿಸಿದರೆ ಗುಮ್ಮಟವಾಗುತ್ತದೆ. ನಿಮ್ಮ ಚಪ್ಪಲಿ, ಟ್ರೈಪಾಡ್ ಕಾಲು, ಬ್ಯಾಗಿನ ಪಟ್ಟಿ ಚೌಕಟ್ಟಿನೊಳಗೆ ಬಂದಿವೆಯೇ ನೋಡಿಕೊಳ್ಳಿ. ಸಾಫ್ಟ್‌ವೇರಿನಲ್ಲಿ ಬಾಗು ತೆಗೆದು ನೇರ ಮಾಡುವ ಆಲೋಚನೆ ಇದ್ದವರು ಫಿಶ್‌ಐ ಬಿಟ್ಟು ಮಾಮೂಲಿ ಅಲ್ಟ್ರಾವೈಡ್ ಕೊಳ್ಳಲಿ. ನೇರ ಮಾಡಿದಾಗ ಮೂಲೆಗಳು ಎಳೆದೆಳೆದು ಮಸುಕಾಗುತ್ತವೆ.

ಉಬ್ಬಿದ ಮುಂಗಾಜಿಗೆ ರಕ್ಷಣಾ ಫಿಲ್ಟರ್ ಹಾಕಲಾಗುವುದಿಲ್ಲ. ಸಿಕ್ಕಿಸುವ ಮುಚ್ಚಳ ಸಡಿಲವಿದ್ದರೆ ಒಳಗೆ ತೆಳುವಾದ ಫೆಲ್ಟ್ ಅಂಟಿಸಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿದರೆ ಸಾಕು.