ಆಷಾಢದ ಕಲ್ಯಾಣ ಮಂಟಪದಲ್ಲಿ ಜಾಝ್ ಆಲ್ಬಂ: ನನ್ನ ಅನುಭವ

ದಾವಣಗೆರೆಯಲ್ಲಿ ಕೂತು ಜಾಝ್ ಆಲ್ಬಂ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಬೆಣ್ಣೆದೋಸೆ ಊರಲ್ಲಿ ಜಾಝಾ?" ಅಂದ ಗೆಳೆಯ ಪುಣ್ಯಾತ್ಮ ಈಗ ಮೈಕ್ ಎಲ್ಲಿಟ್ಟೆ, ಹೇಗಿಟ್ಟೆ ಅಂತ ಫೋನ್ ಮಾಡುತ್ತಿದ್ದಾನೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಹಾಡಿದವರು ಭಾವಗೀತೆಯಲ್ಲಿ ದೊಡ್ಡ ಹೆಸರು. ನಾವೆಲ್ಲ ಅಕ್ಕ ಅನ್ನುತ್ತೇವೆ. ಪದಗಳು ಶಿಶುನಾಳ ಷರೀಫರವು. ಅವರು ತೀರಿಕೊಂಡದ್ದು 1889ರಲ್ಲಿ, ಹಾಗಾಗಿ ಸಾಹಿತ್ಯಕ್ಕೆ ಹಕ್ಕಿನ ತಂಟೆಯಿಲ್ಲ. ಆದರೆ ಜನರ ಕಿವಿಯಲ್ಲಿ ಕೂತಿರುವ ಸಿ. ಅಶ್ವತ್ಥ್ ಅವರ ಧಾಟಿಗಳನ್ನು ಮುಟ್ಟುವಂತಿಲ್ಲ ಅಲ್ವಾ? ಎಲ್ಲಕ್ಕೂ ಹೊಸ ಧಾಟಿ ಕಟ್ಟಿದೆವು.

ಮೊದಲು ಬೆಂಗಳೂರಲ್ಲಿ ಗಂಟೆ ಲೆಕ್ಕದ ಸ್ಟುಡಿಯೋ ಹಿಡಿದೆ. ಹೆಡ್‌ಫೋನಿನಲ್ಲಿ ತಾಳಕ್ಕೆ ಟಿಕ್ ಟಿಕ್ ಅನ್ನುವ ಕ್ಲಿಕ್ ಹಾಕಿ, ಬೇಸ್ ಮೊದಲು, ಕೀಬೋರ್ಡ್ ಆಮೇಲೆ, ದನಿ ಕೊನೆಗೆ. ಹತ್ತಿರ ಹತ್ತಿರ 80 ಸಾವಿರ ಕರಗಿತು. ಕೇಳಿದರೆ ತಪ್ಪೇನೂ ಇಲ್ಲ, ಜೀವವೂ ಇಲ್ಲ. ಅಕ್ಕ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಹಾಡುವವರು, ಕ್ಲಿಕ್ ಕಿವಿಯಲ್ಲಿ ಬಡಿಯುತ್ತಿದ್ದರೆ ಆ ಎಳೆತ ಎಲ್ಲಿಂದ ಬರಬೇಕು?

ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 1958ರಲ್ಲಿ 'ಲೇಡಿ ಇನ್ ಸ್ಯಾಟಿನ್' ಆಲ್ಬಂ ಹಾಡಿದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ. ಆ ಕಟ್ಟಡ ಹಿಂದೆ ಚರ್ಚ್ ಆಗಿತ್ತು. ಚರ್ಚ್ ಸ್ಟುಡಿಯೋ ಆಗಬಹುದಾದರೆ ನಮ್ಮ ಕಲ್ಯಾಣ ಮಂಟಪಕ್ಕೇನು ಧಾಡಿ? ಸೀಸನ್‌ನಲ್ಲಿ 60-70 ಸಾವಿರ ಕೇಳುವ ಹಾಲ್ ಆಷಾಢದಲ್ಲಿ ಖಾಲಿ ಹೊಡೆಯುತ್ತಿರುತ್ತದೆ. ದಿನಕ್ಕೆ ಎಂಟೊಂಬತ್ತು ಸಾವಿರಕ್ಕೆ ಸಿಕ್ಕಿತು. ವಾಚ್‌ಮನ್‌ಗೆ ಚಹಾ ಕಾಸು ಬೇರೆ.

ಆದರೆ ಗ್ರಾನೈಟ್ ನೆಲ. ಒಂದು ಚಪ್ಪಾಳೆ ತಟ್ಟಿದರೆ ಮೂರು ಸೆಕೆಂಡ್ ಸುತ್ತುತ್ತಿತ್ತು. ಶಾಮಿಯಾನದವರಿಂದ ಜಮಖಾನ, ಗಾದಿ ತಂದು ಹಾಸಿದೆ. ಮೂಲೆಗಳಲ್ಲಿ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ಗುಂಯ್ ಅನ್ನುವುದು ನಿಲ್ಲಲಿಲ್ಲ. ಮಂಡಕ್ಕಿ ಭಟ್ಟಿಯಿಂದ ಮೂಟೆ ತರಿಸಿ ಪೇರಿಸಿ ನೋಡಿದೆ. ಸದ್ದು ಹೀರುವ ಮಾತಿರಲಿ, ಇಲಿ ಬಂದವು, ಡ್ರಮ್ಮರ್ ಅರ್ಧ ಮೂಟೆ ಮುಗಿಸಿದ. ಕೊನೆಗೆ ಕೈ ಹಿಡಿದದ್ದು ಅರಳೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಲ್ಲಿ ಅದಕ್ಕೇನು ಬರ? ಮೂಲೆಗೆರಡು ಮೂಟೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಎಷ್ಟು ಬಿಗಿಯಾಗಿ ತುಂಬಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಬೆಂಗಳೂರಿಂದ ಬಾಡಿಗೆಗೆ ಬಂತು. 260 ಕಿಲೋಮೀಟರ್ ದಾರಿ, ಗೂಡ್ಸ್ ಟೆಂಪೋದಲ್ಲಿ ಗಾದಿ ಸುತ್ತಿಕೊಂಡು. ವಾದ್ಯದ ಬಾಡಿಗೆಗಿಂತ ಟೆಂಪೋ ಬಾಡಿಗೆಯೇ ಜಾಸ್ತಿ ಆಯಿತು! ಪಿಯಾನೋ ಇಲ್ಲ, 88 ಕೀಲಿಯ ಕೀಬೋರ್ಡನ್ನು ಸ್ಪೀಕರ್‌ಗೆ ಕೊಟ್ಟು ಅದರ ಮುಂದೆ ಮೈಕ್ ಇಟ್ಟೆ. ಮೈಕ್ ಇಲ್ಲದೆ ವೈರಿನಲ್ಲೇ ನೇರ ಲೈನ್ ತೆಗೆದುಕೊಂಡಿದ್ದರೆ ಅದೊಂದೇ ವಾದ್ಯ ಬೇರೆ ಮನೆಯಲ್ಲಿ ಕೂತು ನುಡಿಸಿದಂತೆ ಕೇಳುತ್ತಿತ್ತು.

ಎಲ್ಲರೂ ಒಂದೇ ಕಡೆ ಅರ್ಧ ವೃತ್ತದಲ್ಲಿ. ಹೆಡ್‌ಫೋನ್ ಇಲ್ಲ, ಕ್ಲಿಕ್ ಇಲ್ಲ. ಅಕ್ಕನಿಗೆ ರಿಬ್ಬನ್ ಮೈಕ್, ಹಿಂದೆ ಮುಂದೆ ಮಾತ್ರ ಕೇಳಿಸಿಕೊಳ್ಳುವಂಥದ್ದು, ಅದರ ಕಿವುಡು ಪಕ್ಕ ಸರಿಯಾಗಿ ಡ್ರಮ್ ಕಡೆಗೆ. ಕೋಲು ಬೇಡ, ಮೆತ್ತಗೆ ನುಡಿಯುವ ಬ್ರಷ್‌ನಲ್ಲೇ ನುಡಿಸು ಅಂತ ಡ್ರಮ್ಮರ್‌ನಿಂದ ಆಣೆ ಮಾಡಿಸಿಕೊಂಡಿದ್ದೆ. ಅಷ್ಟಾದರೂ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದಿನ ಸೋರಿಕೆ ಇತ್ತು, ಇರಲಿ ಅಂತ ಬಿಟ್ಟೆ. ಅಕ್ಕನ ಹಿಂದೆ ಒಂದು ವಸ್ತು ನೇತು ಹಾಕಿದ್ದೆ, ಅದೇನೆಂದು ಹೇಳುವುದಿಲ್ಲ. ಶ್ರುತಿ ಮಾತ್ರ ಅವರ ಹಳೆಯ ಕ್ಯಾಸೆಟ್ಟುಗಳಿಗಿಂತ ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆ ಕೆಳಗಿಳಿಸಿದೆ. "ವಯಸ್ಸಾಯ್ತು ಅಂತೀಯೇನೋ?" ಅಂತ ರೇಗಿದರು. ಮೊದಲ ಟೇಕ್ ಕೇಳಿದ ಮೇಲೆ ಅವರೇ, "ಇನ್ನರ್ಧ ಇಳಿಸೋ" ಅಂದರು.

ನಡುವೆ ಅಕ್ಕನಿಂದ ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ಜಾಝ್ ಆಲಾಪ, ಮಾಡಿಸುವ ಆಸೆಯೂ ಹುಟ್ಟಿತು. ಏನು ಹಾಡಿದರೂ ಅದು ಹಿಂದೂಸ್ತಾನಿ ತರಾನಾ ಕಡೆಗೇ ವಾಲುತ್ತಿತ್ತು. ಚೆನ್ನಾಗೇ ಇತ್ತು, ಜಾಝ್ ಆಗಿರಲಿಲ್ಲ ಅಷ್ಟೇ. ತೆಗೆದೆ.

ಆಷಾಢದ ಗಾಳಿಗೆ ಹಾಲ್‌ನ ಕಿಟಕಿಗಳೆಲ್ಲ ಪಟಪಟ ಅನ್ನುತ್ತಿದ್ದವು. ಅದಕ್ಕೇ ರಾತ್ರಿ ಹತ್ತರ ಮೇಲೆ ಗಾಳಿ ಬಿದ್ದಾಗ ರೆಕಾರ್ಡಿಂಗ್. ಕರೆಂಟ್ ಕೈಕೊಟ್ಟರೆ ಜನರೇಟರ್ ಬೇಡ, ಅದರ ಗುರ್‌ಗುರ್ ಮೈಕಿಗೆ ಬಂದೇ ಬರುತ್ತದೆ. ನಾಲ್ಕು ಬ್ಯಾಟರಿಯ ಇನ್ವರ್ಟರ್‌ನಲ್ಲೇ ಎಲ್ಲ ನಡೆಸಿದೆ.

ಬೆಂಗಳೂರಲ್ಲಿ ಹೋದದ್ದನ್ನು ಬಿಟ್ಟರೆ ಒಟ್ಟು ಎರಡೂಕಾಲು ಲಕ್ಷದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾದ್ಯದವರಿಗೆ ಹೋಯಿತು, ಅವರ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಪಿಚ್ ತಿದ್ದುವ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಕೊನೆಯ ಪ್ರತಿಯಾದ ಮಾಸ್ಟರ್‌ನ ಸದ್ದನ್ನು ಮೈನಸ್ 16 ಲಫ್ಸ್ (LUFS, ಸದ್ದಿನ ಜೋರು ಅಳೆಯುವ ಮಾನ) ಹತ್ತಿರ ಬಿಟ್ಟಿದ್ದೇನೆ. ಸದ್ದು ಕಡಿಮೆ ಆಯಿತು ಅಂತ ಆ ಗೆಳೆಯನೇ ತಕರಾರು ತೆಗೆದ. ವಾಲ್ಯೂಮ್ ಏರಿಸಿಕೊಳ್ಳಪ್ಪಾ ಅಂದೆ.