ಕಾಲು ಬಿಟ್ಟುಹೋದ ಪಟ

ಕ್ಯಾಮೆರಾ ಬ್ಯಾಗನ್ನು ಒಂದು ಇಡೀ ವರ್ಷ ಕಪಾಟಿನಿಂದ ತೆಗೆದಿರಲಿಲ್ಲ. ಜೂನ್‌ನಲ್ಲಿ ತೆರೆದಾಗ ಜೂಮ್ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಹಬ್ಬಿದ್ದವು. ಉಡುಪಿಯ ತೇವಕ್ಕೆ ಮುಚ್ಚಿಟ್ಟ ಲೆನ್ಸಿನಲ್ಲಿ ಫಂಗಸ್ ಬರದೆ ಇರುತ್ತದಾ? ತುಂಬಾ ಸಂಕಟವಾಯಿತು.

ಆ ಒಂದು ವರ್ಷ ನನಗೆ ಸಮಯ ಇತ್ತು, ಮನಸ್ಸು ಇರಲಿಲ್ಲ. ಅದಕ್ಕೆ ಮೊದಲು ರಜೆ ಸಿಕ್ಕಿದರೆ ಸಾಕು, ಹೊರಟುಬಿಡುತ್ತಿದ್ದೆ. ಕಾಪು ದೀಪಸ್ತಂಭದ ಹಿಂದೆ ಮುಳುಗುವ ಸೂರ್ಯ, ಕಂಬಳದ ಕೋಣಗಳು ಎಬ್ಬಿಸುವ ಕೆಸರುನೀರು, ಸೈಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳು. ಕಂಬಳದಲ್ಲಿ ನನ್ನ ಎರಡೂ ಬದಿಯಲ್ಲಿ ಸಾಲಾಗಿ ಕ್ಯಾಮೆರಾಗಳು ಇರುತ್ತಿದ್ದವು. ಬರಬರುತ್ತಾ ನನ್ನ ಪಟ ಯಾವುದು, ಪಕ್ಕದವರದ್ದು ಯಾವುದು ಅಂತ ನನಗೇ ಹೇಳಲಿಕ್ಕೆ ಆಗದಂತಾಯಿತು. ಕಂತಿನಲ್ಲಿ ಹೊಸ ಲೆನ್ಸ್ ತಗೊಂಡೆ. ಆ ಉಮೇದು ಎರಡು ವಾರ ಬಾಳಿತು, ಅಷ್ಟೇ.

ಫಂಗಸ್ ಹಿಡಿಯದೆ ಉಳಿದದ್ದು ಜೂಮ್ ಆಗದ ಒಂದು ಹಳೆಯ 35 ಎಂಎಂ ಲೆನ್ಸ್. ಅದನ್ನೇ ಹಾಕಿಕೊಂಡು ಒಂದು ಭಾನುವಾರ ಮಲ್ಪೆ ದಕ್ಕೆಗೆ, ಅಂದರೆ ಮೀನುಗಾರಿಕೆ ಬೋಟುಗಳು ನಿಲ್ಲುವ ಕಟ್ಟೆಗೆ, ಹೋದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿದ್ದವು. ಮೋಡ ಕವಿದಿತ್ತು. ಪಟ ತೆಗೆಯುವವರು ಯಾರೂ ಇರಲಿಲ್ಲ.

ಟಾರ್ಪಾಲಿನ ಕೆಳಗೆ ನಾಲ್ಕು ಜನ ಹರಿದ ಬಲೆ ಸರಿ ಮಾಡುತ್ತಿದ್ದರು. ‘ಇಲ್ಲಿ ಎಂತ ತೆಗೀತೀರಿ ಮಾರಾಯ್ರೆ, ಮೀನೇ ಇಲ್ಲ’ ಅಂದರು ಹಿರಿಯರೊಬ್ಬರು. ಸುಮ್ನೆ ಕೂತೆ. 35ರಲ್ಲಿ ದೂರ ನಿಂತು ಏನೂ ಸಿಗುವುದಿಲ್ಲ. ಹತ್ತಿರ ಹೋಗಬೇಕು, ಹತ್ತಿರ ಹೋದರೆ ಮಾತಾಡಬೇಕು. ಅರ್ಧ ದಿನದಲ್ಲಿ ತೆಗೆದದ್ದು ಇಪ್ಪತ್ತೇ ಪಟ. ಎಲ್ಲದರಲ್ಲೂ ಮುಖ, ಕೈ, ಬೆರಳ ಸಂದಿಯ ಸೂಜಿ. ನನಗೆ ಚೆನ್ನಾಗಿಯೇ ಕಂಡಿತ್ತು.

ಮುಂದಿನ ವಾರ 4×6 ಪ್ರಿಂಟ್ ಹಾಕಿಸಿ ಕೊಂಡುಹೋದೆ. ಪಟ ತೆಗೆದ ಮೇಲೆ ಕೊಡಬೇಕಲ್ವಾ, ಅಷ್ಟೇ ಯೋಚನೆ. ಆ ಹಿರಿಯರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ, ‘ಕಾಲು ಎಲ್ಲಿ?’ ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ಕೂತಲ್ಲೇ ತೋರಿಸಿದರು. ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿಯುತ್ತಾರೆ. ಬಲೆ ಬಿಗಿಯಾಗಿ ನಿಂತರೆ ಮಾತ್ರ ಕಣ್ಣುಗಳು ಒಂದೇ ಅಳತೆಗೆ ಬರುತ್ತವೆ. ಅರ್ಧ ಕೆಲಸ ಕಾಲಿನದ್ದು. ನಾನು ಇಪ್ಪತ್ತು ಪಟದಲ್ಲೂ ಕಾಲನ್ನು ಹೊರಗೆ ಬಿಟ್ಟಿದ್ದೆ. ಇಷ್ಟು ವರ್ಷ ನನ್ನ ಪಟಕ್ಕೆ ‘ಸೂಪರ್’ ಅಂದವರು ತುಂಬಾ ಜನ. ಪಟದಲ್ಲಿ ಏನು ಇಲ್ಲ ಅಂತ ಹೇಳಿದವರು ಇವರೇ ಮೊದಲು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಮೂರನೇ ವಾರ ನೆಲದ ಮೇಲೆ ಕೂತು, ಕ್ಯಾಮೆರಾವನ್ನು ಅವರ ಮೊಣಕಾಲಿನ ಎತ್ತರಕ್ಕೆ ಇಳಿಸಿದೆ. ಶಟರ್ ವೇಗವನ್ನು 1/250 ಸೆಕೆಂಡಿನಿಂದ 1/30 ಸೆಕೆಂಡಿಗೆ ನಿಧಾನ ಮಾಡಿದೆ. ಕೈ, ಸೂಜಿ ಎರಡೂ ಮಸುಕಾದವು. ಕಾಲಿನ ಹೆಬ್ಬೆರಳು ಮಾತ್ರ ಅಲುಗದೆ ಸ್ಪಷ್ಟವಾಗಿ ನಿಂತಿತು. ಮಳೆಗಾಲದ ಬೆಳಕು ಮಂಕು ಅಂತ ಮೊದಲೆಲ್ಲ ಬೈಯುತ್ತಿದ್ದೆ. ಟಾರ್ಪಾಲಿನ ಅಂಚಿನಿಂದ ಬರುವ ಆ ಬೆಳಕು ಎಷ್ಟು ಮೆದು ಅಂತ ಅವತ್ತು ನೋಡಿದೆ.

ಆ ಪ್ರಿಂಟ್ ನೋಡಿ ಅವರು ಏನೂ ಹೇಳಲಿಲ್ಲ. ಮನೆಗೆ ಇನ್ನೊಂದು ಕಾಪಿ ಬೇಕು ಅಂದರು.

ಈಗ ಲೆನ್ಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಳಗಿನ ತೇವಾಂಶ 40–50 ಶೇಕಡಾ ಇದೆಯಾ ಅಂತ ಚಿಕ್ಕ ಮೀಟರ್ ನೋಡುತ್ತೇನೆ. ಜೂಮ್ ಇನ್ನೂ ರಿಪೇರಿಗೆ ಕೊಟ್ಟಿಲ್ಲ. ಅವಸರ ಅನಿಸಲಿಲ್ಲ.

ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿವೆ. ದಕ್ಕೆಯಲ್ಲಿ ಈಗ ಐಸ್ ಹೊರುವವರ ಗಡಿಬಿಡಿ. ಈ ಭಾನುವಾರ ಬೆಳಗ್ಗೆ ಬೇಗ ಹೋಗಬೇಕು. ಹೋದ ವಾರದ ಹನ್ನೆರಡು ಪ್ರಿಂಟ್ ಅವರಿಗೆ ಕೊಡಲಿಕ್ಕಿದೆ.