‘ನೀವು’ ‘ನೀನು’ ಆದದ್ದು ಯಾವಾಗ?

ನಮ್ಮ ಚಿತ್ರಸಮಾಜದ ಪ್ರದರ್ಶನಕ್ಕೆಂದು ಡೇವಿಡ್ ಲೀನ್ ಅವರ ‘ಬ್ರೀಫ್ ಎನ್‌ಕೌಂಟರ್’ಗೆ ಕನ್ನಡ ಸಬ್‌ಟೈಟಲ್ ಬರೆಯಲು ಒಪ್ಪಿಕೊಂಡಾಗ, ಒಂದು ವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. 1945ರ ಚಿತ್ರ, 86 ನಿಮಿಷ. ರೈಲು ನಿಲ್ದಾಣದಲ್ಲಿ ಲಾರಾಳ ಕಣ್ಣಿಗೆ ಬಿದ್ದ ಕಸವನ್ನು ಡಾಕ್ಟರ್ ಅಲೆಕ್ ಕರವಸ್ತ್ರದ ತುದಿಯಿಂದ ತೆಗೆಯುತ್ತಾನೆ. ಇಬ್ಬರಿಗೂ ಮನೆ, ಸಂಸಾರ ಇದೆ. ಕೆಲವು ಗುರುವಾರಗಳಂದು ಭೇಟಿಯಾಗಿ ಬೇರಾಗುತ್ತಾರೆ, ಅಷ್ಟೆ. ನನಗೆ ಹಿಡಿದದ್ದು ಒಂದೂವರೆ ತಿಂಗಳು.

ತೊಡಕಾದದ್ದು ಇಂಗ್ಲಿಷಿನ ‘ಯೂ’. ಗಂಡ, ಪ್ರಿಯಕರ, ಚಹಾದಂಗಡಿಯವಳು, ಎಲ್ಲರಿಗೂ ಅದೊಂದೇ ಸಾಕು. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಸಂಬಂಧ ತೀರ್ಮಾನವಾಗಿರಬೇಕು.

ಲಾರಾ ತನ್ನ ಕಥೆಯನ್ನೆಲ್ಲ ಮನಸ್ಸಿನಲ್ಲೇ ಗಂಡ ಫ್ರೆಡ್‌ಗೆ ಹೇಳಿಕೊಳ್ಳುತ್ತಾಳೆ. ಹಳೆಯ ಕಾಲದ ಗೃಹಿಣಿ ಎಂದು ‘ಫ್ರೆಡ್, ನೀವು’ ಎಂದೇ ಬರೆದೆ. ಓದಿಸಿಕೊಂಡ ನನ್ನ ಸೋದರತ್ತೆ, “ಹೆಸರು ಹಿಡಿದು ಕರೆದ ಮೇಲೆ ‘ನೀವು’ ಎಲ್ಲಿಂದ ಬಂತೋ?” ಎಂದು ನಕ್ಕರು. ಸರಿ, ಗಂಡ ‘ನೀನು’ ಆದ. ಆಗ ವಿಚಿತ್ರವೊಂದು ಕಂಡಿತು: ಮುಚ್ಚಿಡಬೇಕಾದ ಮಾತನ್ನೆಲ್ಲ ಅವಳು ಹೇಳಿಕೊಳ್ಳುತ್ತಿರುವುದು ಏಕವಚನದ ಸಲಿಗೆ ಇರುವವನಿಗೆ, ಪ್ರೀತಿಸಿದವನು ಮಾತ್ರ ಬಹುವಚನದಾಚೆ ನಿಂತಿದ್ದಾನೆ.

ಅಲೆಕ್ ಯಾವಾಗ ‘ನೀನು’ ಅನ್ನಬೇಕು? ದೋಣಿಯಿಂದ ನೀರಿಗೆ ಬಿದ್ದು, ದೋಣಿಯವನ ಶೆಡ್ಡಿನಲ್ಲಿ ಬಟ್ಟೆ ಆರಿಸಿಕೊಳ್ಳುವ ದೃಶ್ಯದಲ್ಲಿ ಜಾಗ ಸಿಕ್ಕಿತು. “ಏನಾಗಿದೆಯೆಂದು ನಿಮಗೆ ಗೊತ್ತಲ್ಲವೇ?” ಎನ್ನುತ್ತಾನೆ. ಅವಳು ಹೌದೆನ್ನುತ್ತಾಳೆ. ಅವನ ಮುಂದಿನ ಸಾಲಿನಲ್ಲೇ ‘ನಿನ್ನನ್ನು’. ಲಾರಾಳನ್ನು ಕೊನೆಯವರೆಗೂ ‘ನೀವು’ ದಾಟಲು ಬಿಡಲಿಲ್ಲ. ಚಿತ್ರಸಮಾಜದ ಕೆಲವರಿಗೆ ಇದು ಹಿಡಿಸಲಿಲ್ಲ. ನನಗೆ ಈಗಲೂ ಸರಿಯೆನಿಸುತ್ತದೆ.

ಉಳಿದ ತಾಪತ್ರಯಗಳು ಕಣ್ಣಿಗೆ ಸಂಬಂಧಿಸಿದವು. ನಿಲ್ದಾಣದ ದೃಶ್ಯಗಳನ್ನು ಯುದ್ಧ ಇನ್ನೂ ಮುಗಿಯದಿದ್ದಾಗ ಲ್ಯಾಂಕಾಷೈರಿನ ಕಾರ್ನ್‌ಫೋರ್ತ್‌ನಲ್ಲಿ ರಾತ್ರಿ ಹೊತ್ತು ಚಿತ್ರೀಕರಿಸಿದ್ದರು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಕತ್ತಲೆಯೊಳಗೆ ಉಗಿಯನ್ನು ಬೆಳ್ಳಗೆ ಹೊಳೆಯಿಸಿದ್ದಾರೆ. ಆ ಉಗಿಯ ಮೇಲೆ ನನ್ನ ಬಿಳಿ ಅಕ್ಷರಗಳು ಕರಗಿಹೋದವು. ಕಪ್ಪು ಅಂಚು ಕೊಟ್ಟೆ. ಅಂಚು ದಪ್ಪವಾದರೆ ಒತ್ತಕ್ಷರಗಳು ಮುದ್ದೆಯಾಗುತ್ತವೆ. ‘ಕಣ್ಣಿಗೆ’ಯ ಒತ್ತು ಇರುವೆಯಂತೆ ಕಾಣುತ್ತಿತ್ತು. ಸಾಲುಗಳ ನಡುವೆ ಜಾಗ ಹೆಚ್ಚಿಸಿ, ಮಾತನ್ನೇ ಕತ್ತರಿಸಿದೆ. ಫ್ರೆಡ್‌ನ ಪದಬಂಧದಲ್ಲಿ ಕವಿ ಕೀಟ್ಸ್‌ನ ಸಾಲಿಗೆ ಇಂಗ್ಲಿಷಿನ ಏಳಕ್ಷರದ ಉತ್ತರ ‘ರೊಮ್ಯಾನ್ಸ್’. ನಾನು ‘ಪ್ರಣಯ’ ಎಂದಿಟ್ಟು ಮೂರಕ್ಷರ ಮಾಡಿಬಿಟ್ಟೆ. ಅದರ ಜೊತೆ ಹೊಂದುವ ‘ಬಲೂಚಿಸ್ತಾನ’ ಹಾಗೇ ಉಳಿಯಿತು.

ಬೀಳ್ಕೊಡುಗೆಯ ದೃಶ್ಯ ಚಿತ್ರದಲ್ಲಿ ಎರಡು ಸಲ ಬರುತ್ತದೆ, ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಲಾರಾಳ ಪರಿಚಯದ ಬಾಯಿಬಡುಕಿ ಡಾಲಿ ನಡುವೆ ಬಂದು ಕುಳಿತಿದ್ದಾಳೆ. ಅವಳೆದುರು ‘ನೀನು’ ಆಗದು. ಇಷ್ಟೆಲ್ಲ ಆದ ಮೇಲೆ ‘ನೀವು’ ಸುಳ್ಳು. ಇಲ್ಲಿ ಕನ್ನಡವೇ ಕೈಹಿಡಿಯಿತು. “ನಾನು ಹೊರಡಬೇಕು” ಎನ್ನುತ್ತಾನೆ ಅಲೆಕ್. “ಹೌದು, ಹೊರಡಬೇಕು” ಎನ್ನುತ್ತಾಳೆ ಲಾರಾ. ‘ಬೇಕು’ ಯಾರನ್ನೂ ಹೆಸರಿಸುವುದಿಲ್ಲ. ಆರಂಭದ ದೃಶ್ಯದಿಂದ ಆ ಸಾಲನ್ನು ನಕಲು ಮಾಡಿ, ಕೊನೆಯ ದೃಶ್ಯಕ್ಕೆ ಒಂದಕ್ಷರವೂ ತಿದ್ದದೆ ಅಂಟಿಸಿದೆ.